ಮೂರನೇ ಸಾಲಿನ ಅಲ್ಪವಿರಾಮ

ಗುನ್ಸಾನ್
ನವೆಂಬರ್ 8

ಯೋಂಜುವಿನ ಅಪ್ಪನಿಗೆ,

ನಾನು ಕ್ಷೇಮ. ಮೊಣಕಾಲು ಮೊದಲಿನಂತೆಯೇ ಇದೆ. ತಂಗಿಗೆ ಚಳಿಗಾಲದ ಕಿಮ್ಚಿ ಉಪ್ಪಿನಕಾಯಿ ಹಾಕಿಕೊಟ್ಟು ಬರುತ್ತೇನೆಂದು ಹೊರಟೆನಲ್ಲ, ಎಂಬತ್ತು ಕೋಸೂ ಮುಗಿದು ಐದು ದಿನವಾಯಿತು. ಆದರೂ ಮನೆ ಕಡೆ ಕಾಲು ಏಳುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀವು ಎರಡನೇ ಮಾತಿಗೇ ಬಾಯಿ ಹಾಕುತ್ತೀರಿ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ದುಡಿದವರು, ಕಾಗದವನ್ನಾದರೂ ಕೊನೆಯವರೆಗೆ ಓದುತ್ತೀರಿ ಎಂದು ನಂಬಿ ಬರೆಯುತ್ತಿದ್ದೇನೆ. ಕೂತುಕೊಂಡು ಓದಿ.

‘ಜಾಡಿಕಟ್ಟೆ’ಯಲ್ಲಿ ನಿಮ್ಮ ಉತ್ತರಕ್ಕೆ ಕೆಳಬಾಣ ಒತ್ತಿ ಅಂಕ ಕಳೆದದ್ದು ನಿಮ್ಮ ಗೆಳೆಯ ಗಿಹೋ ಅವರಲ್ಲ. ನಾನು.

ಹೌದು, ಆ ಅಂತರ್ಜಾಲದ ಕಟ್ಟೆಗೆ ನಾನೂ ಎರಡು ವರ್ಷದಿಂದ ಸದಸ್ಯೆ. ‘ಒಣಮೀನು’ ಎಂಬ ಹೆಸರಿನವಳು ನಾನೇ. ನೀವು ದೇಶದ ಸೋಯಾ ಹುಳಿಸುವ ಜಾಡಿಗಳಿಗೆಲ್ಲ ಮದ್ದು ಹೇಳುವ ಚೆಂದ ನೋಡಲು ಸೇರಿಕೊಂಡೆ. ನಿಮ್ಮ ಅರವತ್ತೊಂದು ಉತ್ತರಕ್ಕೆ ಅರವತ್ತೊಂದು ಮೇಲ್ಬಾಣ ಒತ್ತಿದೆ. ಒಂದಕ್ಕೆ ಹತ್ತು ಅಂಕ. ‘ಸಾವಿರ ಆಯ್ತು ಕಣೇ, ಹಿರಿಯ ಜಾಡಿ ಅಂತ ಬಿರುದು ಕೊಟ್ರು!’ ಎಂದು ನೀವು ಕುಣಿದ ದಿನ, ಅದರಲ್ಲಿ ಆರುನೂರ ಹತ್ತು ನನ್ನವು ಎಂದು ಬಾಯಿ ಬಿಡದೆ ಬಾರ್ಲಿ ಚಹಾ ತಂದುಕೊಟ್ಟೆ.

ಆಮೇಲೆ ಉಲ್ಸಾನಿನ ಹೊಸ ಸೊಸೆಯೊಬ್ಬಳು, ಜಾಡಿಯಲ್ಲಿ ಬಿಳಿ ಬೂಷ್ಟು ಬಂದಿದೆ ಏನು ಮಾಡಲಿ ಎಂದು ಕೇಳಿದಳು. ‘ಕೆರೆದು ತೆಗೆದು, ಉಪ್ಪು ಉದುರಿಸಿ, ಒಣ ಕಡಲಪಾಚಿ ಹೊದಿಸಿ. ಇದು ನನ್ನ ಮೂವತ್ತು ವರ್ಷದ ಪ್ರಯೋಗದ ಫಲ’ ಎಂದು ಬರೆದಿರಿ. ಪ್ರಯೋಗ! ಆ ಮೂವತ್ತು ವರ್ಷದಲ್ಲಿ ನೀವು ಜಾಡಿಗಳ ಹತ್ತಿರ ಹೋದದ್ದು ಬೆಕ್ಕು ಓಡಿಸಲು. ಅದನ್ನೂ ನುಂಗಿಕೊಂಡೆ. ಅಷ್ಟರಲ್ಲಿ ಯಾರೋ ‘ಮನೆಯವರು ಸಹಾಯ ಮಾಡ್ತಾರಾ ಸಾರ್?’ ಎಂದು ಕೇಳಿದರು. ‘ಅವಳಿಗೆ ಮುಚ್ಚಳ ತೆಗೆಯೋದು ಹಾಕೋದು ಅಷ್ಟೇ ಗೊತ್ತು’ ಅಂದಿರಿ.

ಒತ್ತಿದೆ. ಎರಡು ಅಂಕ ಹೋಯಿತು, ಬಿರುದೂ ಹೋಯಿತು. ನೀವಾಗಲೇ ‘ಹಿರಿಯ ಜಾಡಿ’ ಎಂದು ಇನ್ನೂರು ಕಾರ್ಡು ಅಚ್ಚು ಹಾಕಿಸಿದ್ದಿರಿ. ಒತ್ತಿದವನು ಒಪ್ಪಿಕೊಳ್ಳುವವರೆಗೆ ಇನ್ನೊಂದು ಉತ್ತರ ಬರೆಯುವುದಿಲ್ಲ ಎಂದು ಶಪಥ ಬೇರೆ.

ಮೂರನೇ ದಿನ ನೀವು ಅನ್ನ ಮುಟ್ಟದೆ ಕೂತಿರಿ. ಮತ ವಾಪಸ್ ತೆಗೆಯಲು ಹೋದರೆ, ಒಂದು ದಿನ ದಾಟಿದೆ, ಉತ್ತರ ಬರೆದವರು ಅದನ್ನು ತಿದ್ದಿದರೆ ಮಾತ್ರ ಅವಕಾಶ ಎಂದಿತು ಕಟ್ಟೆಯ ನಿಯಮ. ಯಾವಾಗ ಬೇಕಾದರೂ ಹಿಂಪಡೆಯಲು ಬಿಡಿ ಎಂದು ವಸಂತದಲ್ಲಿ ಕಟ್ಟೆಯ ಹುಡುಗರು ಪ್ರಸ್ತಾಪ ತಂದಾಗ ಅಡ್ಡ ನಿಂತವರು ಯಾರು? ‘ಹಾಕಿದ ಎಲೆ ಎತ್ತೋ ಹಾಗಿಲ್ಲ. ಮನಸ್ಸು ಬದಲಾಗೋರು ಒತ್ತಲೇಬಾರ್ದು’ ಎಂದು ಮೂರು ವಾರ ಇಸ್ಪೀಟಿನ ನ್ಯಾಯ ಹೇಳಿದವರು? ಪ್ರಸ್ತಾಪ ಒಂದೇ ಮತದಿಂದ ಬಿತ್ತು. ನೀವು ಅಕ್ಕಿ ಹೆಂಡ ತಂದು ಕುಡಿದಿರಿ.

ಹೇಗಾದರೂ ತಿದ್ದಿಸೋಣವೆಂದು ಒಣಮೀನಿನ ಹೆಸರಲ್ಲಿ, ‘ಸಾರ್, ಮೂರನೇ ಸಾಲಿನಲ್ಲಿ ಒಂದು ಅಲ್ಪವಿರಾಮ ಬೇಕಿತ್ತೇನೋ’ ಎಂದು ಬರೆದೆ. ಬೇಡ ಎಂದು ಸಾಧಿಸಲು ನೀವು ಹನ್ನೊಂದು ಸಾಲು ಬರೆದಿರಿ.

ಅಲ್ಲಿಯವರೆಗೆ ನಗುತ್ತಿದ್ದೆ. ಆದರೆ ಊರ ಸ್ನಾನಗೃಹದ ತೊಟ್ಟಿಯಲ್ಲಿ, ನಾಲ್ಕು ಜನರೆದುರು, ಗಿಹೋ ಅವರಿಗೆ ‘ಬೆನ್ನಿಗೆ ಚೂರಿ ಹಾಕಿದ್ದು ನೀನೇ ಕಣೋ’ ಅಂದಿರಂತೆ. ‘ಇಪ್ಪತ್ತು ವರ್ಷ ನಿನ್ನ ಬೆನ್ನು ಉಜ್ಜಿದ ಕೈ ಇದು. ಇನ್ನು ನೀನೇ ಉಜ್ಕೋ ಹೋಗು’ ಎಂದು ಅವರು ಟವೆಲನ್ನೂ ಬಿಟ್ಟು ಎದ್ದು ಹೋದರಂತೆ. ಅವರ ಹೆಂಡತಿ ಫೋನಿನಲ್ಲಿ ಅತ್ತರು. ಬರುವ ಹದಿನಾರರ ಶನಿವಾರ ಅವರ ಮಗಳ ಮದುವೆ. ಆ ಹುಡುಗಿಗೆ ಸೈಕಲ್ ಕಲಿಸಿದವರು ನೀವು.

ದಯವಿಟ್ಟು ಉತ್ತರ ತಿದ್ದಿ. ಅಲ್ಪವಿರಾಮ ಸಾಕು. ಗಿಹೋ ಅವರ ಮನೆಗೆ ಹೋಗಿ ಬನ್ನಿ. ಬೈಯುವುದಿದ್ದರೆ ನನ್ನನ್ನು ಬೈಯಿರಿ. ಆದರೆ ಮುಚ್ಚಳದ ಮಾತು ನನಗೆ ಈಗಲೂ ಚುಚ್ಚುತ್ತದೆ, ಅದನ್ನು ಮುಚ್ಚಿಡಲಾರೆ.

ಇಂತಿ,
ಬುನ್ನಮ್


ನಮ್ವನ್
ನವೆಂಬರ್ 13

ಯೋಂಜುವಿನ ಅಮ್ಮನಿಗೆ,

ಕಾಗದ ಬಂತು. ಅಂಚೆಚೀಟಿ ಓರೆಯಾಗಿ ಅಂಟಿಸಿದ್ದೀಯ. ಎರಡು ಸಲ ಓದಿದೆ, ಎರಡನೇ ಸಲ ಕೂತುಕೊಂಡು.

ಸಿಟ್ಟು ಬಂತು. ಇವಳಿಗೆ ತಕ್ಕ ಉತ್ತರ ಬರೆಯುತ್ತೇನೆಂದು ಹಿತ್ತಲಿಗೆ ಹೋಗಿ ಜಾಡಿಗಳ ಮುಂದೆ ನಿಂತೆ. ಯಾವುದರಲ್ಲಿ ಯಾವ ವರ್ಷದ್ದಿದೆ ಎಂದೂ ನನಗೆ ಗೊತ್ತಿಲ್ಲ. ಒಳಗೆ ಬಂದು ತಿದ್ದಿದೆ. ಅಲ್ಪವಿರಾಮ ಹಾಕಿಲ್ಲ, ಅದು ಅಲ್ಲಿ ಬೇಡವೇ ಬೇಡ. ‘ನನ್ನ ಪ್ರಯೋಗ’ ತೆಗೆದು ‘ನನ್ನ ಹೆಂಡತಿ ಕು ಬುನ್ನಮ್ ಅವರಿಂದ ಕಲಿತದ್ದು’ ಎಂದು ಹಾಕಿದೆ. ಮುಚ್ಚಳದ ಮಾತು ಅಳಿಸಿದೆ. ಅದನ್ನು ಬರೆಯಬಾರದಿತ್ತು. ಸಂಜೆಯೊಳಗೆ ನಲವತ್ತು ಮೇಲ್ಬಾಣ ಬಿದ್ದು ಬಿರುದು ವಾಪಸಾಯಿತು. ನನ್ನ ಹೆಸರಿಗೆ ಒಂದೇ ದಿನ ಅಷ್ಟು ಎಂದೂ ಬಿದ್ದಿರಲಿಲ್ಲ. ಸ್ವಲ್ಪ ಹೊಟ್ಟೆ ಉರಿಯಿತು.

ಗಿಹೋ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿ ‘ಏನಪ್ಪಾ ಹಿರಿಯ ಜಾಡಿ, ಸೋರ್ತಾ ಇದ್ಯಾ?’ ಅಂದ. ತಪ್ಪಾಯಿತು ಅಂದೆ. ಸ್ನಾನಕ್ಕೆ ಎಳೆದುಕೊಂಡು ಹೋಗಿ ಬೆನ್ನು ಎಷ್ಟು ಉಜ್ಜಿದನೆಂದರೆ ಈಗಲೂ ಅಂಗಿ ತಾಗಿದರೆ ಉರಿಯುತ್ತದೆ. ಶನಿವಾರ ನಾವಿಬ್ಬರೂ ಮುಂದಿನ ಸಾಲಿನಲ್ಲಿ ಕೂರಬೇಕಂತೆ. ನನ್ನ ಬೂದು ಕೋಟು ಸಿಗುತ್ತಿಲ್ಲ.

ಇಂತಿ,
ಜೋಂಗ್‌ಮಾನ್

ಮ.ವಿ.: ಹಿಂಪಡೆಯುವ ಪ್ರಸ್ತಾಪವನ್ನು ಈ ಸಲ ನಾನೇ ತರುತ್ತಿದ್ದೇನೆ. ಹೋದ ಸಲ ಬೇಕು 211, ಬೇಡ 212. ನನ್ನ ಮಾತು ಕಟ್ಟಿಕೊಂಡು ಬೇಡ ಎಂದು ಒತ್ತಿದ ಆ ಕೊನೆಯ ದಡ್ಡ ಯಾರೋ, ಸಿಕ್ಕರೆ ಬುದ್ಧಿ ಹೇಳಬೇಕು.


ಗುನ್ಸಾನ್
ನವೆಂಬರ್ 14

ಯೋಂಜುವಿನ ಅಪ್ಪನಿಗೆ,

ಕೆಳಬಾಣ ತೆಗೆದಿದ್ದೇನೆ. ಕೋಟು ಕಪಾಟಿನಲ್ಲಿ ಹೊದಿಕೆಗಳ ಕೆಳಗಿದೆ. ನಾಳೆ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ತಂಗಿ ಕೊಟ್ಟ ಕಿಮ್ಚಿ ಡಬ್ಬ ಭಾರವಾಗಿದೆ. ಈ ಕಾರ್ಡು ನನಗಿಂತ ಮೊದಲು ಬಂದರೆ ನಿಲ್ದಾಣಕ್ಕೆ ಬನ್ನಿ.

ನಿಮ್ಮ
ಬುನ್ನಮ್

ಮ.ವಿ.: ಆ ಕೊನೆಯ ದಡ್ಡಿಯೂ ಅದೇ ಬಸ್ಸಿನಲ್ಲಿ ಬರುತ್ತಿದ್ದಾಳೆ. ಅವತ್ತು ಹುಡುಗರೆಲ್ಲ ಸೇರಿ ನಿಮ್ಮೊಬ್ಬರನ್ನೇ ಆಡಿಕೊಳ್ಳುತ್ತಿದ್ದರು, ನೋಡಲಾಗಲಿಲ್ಲ. ಬುದ್ಧಿ ಹೇಳುವುದಿದ್ದರೆ ಮನೆಗೆ ಹೋದ ಮೇಲೆ ಹೇಳಿ. ನಿಲ್ದಾಣದಲ್ಲಿ ಜನ ಇರುತ್ತಾರೆ.