ತಲೆಯಳತೆಯ ಸಭೆಯೂ ಗೂಟದ ಮೇಲಿನ ಟೋಪಿಯೂ

ಬ್ರಿಸ್ಟಲ್,
೯ನೇ ಮಾರ್ಚ್ ೧೮೯೯

ಕುಮಾರಿ ಹೆಸ್ಟರ್ ಪೆಂಡ್ರಿಯವರ ಸಮ್ಮುಖಕ್ಕೆ, ವಕೀಲರ ಕಚೇರಿಯಲ್ಲಿ ನಲವತ್ತು ವರ್ಷ ಅರ್ಜಿಗಳನ್ನು ನಕಲು ಮಾಡಿದ ನಿನ್ನ ತಂದೆಯು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಬರುವ ಶನಿವಾರದ ನಿನ್ನ ವಿವಾಹಕ್ಕೆ ಅರ್ಜಿದಾರನನ್ನು ಕರೆದಿಲ್ಲ. ಕಾರಣವುಂಟೆಂದು ಒಪ್ಪುತ್ತೇನೆ. ಆಫ್ರಿಕದ ಗೋಲ್ಡ್ ಕೋಸ್ಟಿನಿಂದ ಕಾನೂನು ಓದಲು ಬಂದಿರುವ ಶ್ರೀ ಕೋಬಿನಾ ಎಸುಮನ್ ನಿನ್ನನ್ನು ಕೊಡಿರೆಂದು ಕೇಳಲು ಬಂದ ದಿನ, ನಾನು, ತಲೆಗಳನ್ನು ಅಳೆದು ಜನಾಂಗಗಳಿಗೆ ಮೇಲು ಕೀಳು ಗೊತ್ತುಮಾಡುವ ಡಾಕ್ಟರ್ ವಿಂಟರ್ಬೋರ್ನರ ಪುಸ್ತಿಕೆಯನ್ನು ಅವರೆದುರು ಗಟ್ಟಿಯಾಗಿ ಓದಿದೆನು: ಜೀವಿಗಳ ಹೋರಾಟದಲ್ಲಿ ಯೋಗ್ಯರೇ ಉಳಿಯುವರು, ದೊಡ್ಡ ತಲೆಯ ನಾವೇ ಯೋಗ್ಯರು, ಆದಕಾರಣ ಆಫ್ರಿಕದವರ ನಾಡನ್ನು ನಾವು ಆಳುವುದು ಪ್ರಕೃತಿಯ ಅಪ್ಪಣೆ. ಅವರು ನಕ್ಕು, "ತಲೆ ಅಳೆದು ದೇಶ ಕೊಡೋದಾದ್ರೆ, ಮಾವ, ಟೋಪಿ ಅಂಗಡಿಯವನೇ ಚಕ್ರವರ್ತಿ ಆಗ್ಬೇಕಿತ್ತು" ಎಂದರು. ಮಾವ ಎಂದದ್ದಕ್ಕೇ ಹೊರಗಟ್ಟಿದೆನು. ನೀನೂ ಅವರ ಹಿಂದೆಯೇ ಹೋದೆ.

ಕಳೆದ ಮಂಗಳವಾರ ಪುರಭವನದಲ್ಲಿ ಡಾಕ್ಟರರ ಉಪನ್ಯಾಸವಿತ್ತು. ಆಳುವ ಜನಾಂಗದ ಮಾದರಿಯಾಗಿ ವೇದಿಕೆ ಏರಲು ನಾನೇ ಮುಂದಾದೆನು. ತಲೆಗೆ ಅಳತೆಯ ಇಕ್ಕಳ ಹಚ್ಚಿ ಮೂರು ಸಲ ಅಳೆದರು. ಅವರ ಜನಾಂಗಗಳ ಪಟ್ಟಿಯ ಕಟ್ಟಕಡೆಯ ಮೆಟ್ಟಿಲಿಗಿಂತಲೂ ನನ್ನ ತಲೆ ಕೆಳಗೆ ಬಿದ್ದಿತು. ಮೀನು ಮಾರುವ ಮಿಸೆಸ್ ಟ್ಯಾಪ್ ಎದ್ದು, "ಹಾಗಾದ್ರೆ ನಮ್ಮ ಪೆಂಡ್ರಿ ತಾತನ್ನ ಆಳೋಕೆ ಯಾರನ್ನ ಕಳಿಸ್ತೀರಿ ಡಾಕ್ಟ್ರೇ? ಹಡಗೂ ಬೇಡ, ಮುಂದಿನ ಬೀದೀಲೇ ಮನೆ!" ಎಂದು ಕೂಗಿದಳು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು.

"ಇಕ್ಕಳ ಕೆಟ್ಟಿದೆ" ಎಂದು ಡಾಕ್ಟರರು ನನ್ನ ಅಂಕಿಯನ್ನು ಚಾಕುವಿನಿಂದ ಕೆರೆದುಹಾಕಿದರು. ತಲೆ ಸಣ್ಣದಾದರೆ ಸಹಿಸಬಹುದು. ತಿದ್ದಿದ್ದಕ್ಕೆ ಅಂಚಿನಲ್ಲಿ ಸಹಿ ಹಾಕದೆ ಒಂದಕ್ಷರವನ್ನೂ ಕೆರೆಯಲು ನಾನು ಯಾವ ವಕೀಲನಿಗೂ ಬಿಟ್ಟವನಲ್ಲ. ಅವರ ಅಳತೆಯ ಪುಸ್ತಕವನ್ನು ಕಸಿದು ದೀಪದ ಬೆಳಕಿಗೆ ಹಿಡಿದೆನು. ಕೆರೆದು ಕೆರೆದು ಪುಟವು ಜರಡಿಯಂತಿತ್ತು. ಕೆರೆದ ಮಸಿಯ ನೆರಳನ್ನೂ ಓದಬಲ್ಲ ಕಣ್ಣು ನನ್ನದು: ನಮ್ಮವರ ಸಾಲಿನಲ್ಲಿ ಸಣ್ಣ ತಲೆಗಳೂ, ಆಫ್ರಿಕದವರ ಸಾಲಿನಲ್ಲಿ ದೊಡ್ಡ ತಲೆಗಳೂ ಮಾಯವಾಗಿದ್ದವು. ಇಂಥ ಪುಟದ ಆಧಾರದಿಂದ ಒಂದು ಕತ್ತೆಯನ್ನೂ ಯಾರಿಗೂ ಬರೆದುಕೊಡಲಾಗದು, ಇವರು ಒಂದು ಖಂಡವನ್ನೇ ತಮ್ಮ ಹೆಸರಿಗೆ ಬರೆದುಕೊಂಡಿದ್ದಾರೆ.

ಆದ್ದರಿಂದ ಪ್ರಾರ್ಥನೆ: ಚರ್ಚಿನ ಕಡೆಯ ಬೆಂಚಿನಲ್ಲಾದರೂ ನನಗೊಂದು ಸ್ಥಳವನ್ನು ದಯಪಾಲಿಸಬೇಕು. ಶ್ರೀ ಎಸುಮನ್ ನನ್ನನ್ನು ಪುನಃ ಮಾವ ಎನ್ನಲು ಆಕ್ಷೇಪಣೆ ಇರುವುದಿಲ್ಲ.

ಅರ್ಜಿದಾರನೂ, ಅದಕ್ಕಿಂತ ಮೊದಲು ನಿನ್ನ ಅಪ್ಪನೂ ಆದ
ಸೈಲಸ್ ಪೆಂಡ್ರಿ

ಹಿಂಬರಹ: ನಾನು ಹೊರಗಟ್ಟಿದ ದಿನ ಶ್ರೀ ಎಸುಮನ್ ತಮ್ಮ ಟೋಪಿಯನ್ನು ನಮ್ಮ ಗೂಟದಲ್ಲೇ ಮರೆತರು. ನೀವಿಬ್ಬರೂ ಬೀದಿಯ ತಿರುವು ದಾಟುವ ಮೊದಲೇ ಹಾಕಿ ನೋಡಿದ್ದೆನು, ಮೂಗಿನವರೆಗೆ ಇಳಿಯಿತು. ತಪ್ಪು ಟೋಪಿಯದೆಂದು ಸಾಬೀತುಪಡಿಸಲೆಂದೇ ವೇದಿಕೆ ಏರಿದ್ದು. ಈಗ ಡಾಕ್ಟರರ ಪುಸ್ತಿಕೆಯನ್ನು ಮಡಿಚಿ ಅದರೊಳಗೆ ತುರುಕಿದ್ದೇನೆ; ಸರಿಯಾಗಿ ಕೂರುತ್ತದೆ. ಕರೆದರೆ ಅದನ್ನೇ ಧರಿಸಿ ಬರುವೆನು, ಚರ್ಚಿನ ಬಾಗಿಲಲ್ಲಿ ಪುಸ್ತಿಕೆ ತೆಗೆದೆಸೆದು, ಟೋಪಿಯನ್ನು ಅಳಿಯನ ಕೈಗೆ ಕೊಡುವೆನು.