ಮೇಲಿನ ತುಂಡಿನ ಮರಗಳು

ಬಿಸಿಲೆ
9 ಫೆಬ್ರವರಿ 2026

ಪಾಳ್ಯದಲ್ಲಿ ತಮ್ಮ ಅಣ್ಣನ ಮನೆಯಲ್ಲಿರುವ ನಮ್ಮ ಯಜಮಾನರಿಗೆ ಗಂಗಾಮಣಿಯ ನಮಸ್ಕಾರ.

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಎತ್ತಿದರೂ ನಾನು ಜಗಳಕ್ಕೆ ಇಳಿಯುತ್ತೇನೆ. ಕಾಗದವಾದರೆ ನೀವು ಮಧ್ಯದಲ್ಲಿ ಎದ್ದು ಕೊಟ್ಟಿಗೆಗೆ ಹೋದರೂ ಅದು ಅಲ್ಲೇ ಕಾದಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ವರ್ಷದ ನಮ್ಮ ಕಾಫಿಯನ್ನು ರಫ್ತು ಕಂಪನಿಯವರು ಬೇಡವೆಂದರು. ಯುರೋಪಿನವರು ಹೊಸ ಕಾನೂನು ಮಾಡಿದ್ದಾರೆ. 2020ರ ಡಿಸೆಂಬರ್ ಕಳೆದ ಮೇಲೆ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅವರ ದೇಶಗಳಿಗೆ ಬರಕೂಡದಂತೆ. ಜಾರಿಯ ದಿನ ಮುಂದಕ್ಕೆ ಹೋಗುತ್ತಲೇ ಇದೆ, ಆದರೂ ಕಂಪನಿಯವರು ಈಗಲೇ ಎಲ್ಲರ ತೋಟ ಅಳೆಯುತ್ತಿದ್ದಾರೆ. ಎಲ್ಲೋ ಕುಳಿತು ಕಾಫಿ ಕುಡಿಯುವವರಿಗೆ ನಮ್ಮ ಬೇಲಿ ಯಾಕೆ ಬೇಕೋ ಎಂದು ನಗು ಬಂತು. ಜೊತೆಗೆ ನಗಲು ಯಾರೂ ಇರಲಿಲ್ಲ.

ಕಂಪನಿಯಿಂದ ಸಂಜಯ್ ಎಂಬವರು ಬಂದರು. ಅವರ ಫೋನ್ ಹಿಡಿದು ತೋಟದ ಅಂಚಿನಲ್ಲಿ ಒಂದು ಸುತ್ತು ನಡೆದರೆ ನಕ್ಷೆ ತಾನೇ ಮೂಡುತ್ತದೆ. ಕೊಯ್ಲಿಗೆ ಮುಂಚೆ ನಾವಿಬ್ಬರೂ ಪ್ರತಿವರ್ಷ ಬೇಲಿ ನೋಡಲು ಹೋಗುತ್ತಿದ್ದೆವಲ್ಲ, ಆ ದಾರಿಯನ್ನೇ ನನ್ನ ಕಾಲು ಹಿಡಿಯಿತು. ಹಲಸಿನ ಮರದ ಹತ್ತಿರ ಎಡಕ್ಕೆ ತಿರುಗಿ, ತೊರೆ ಹಿಡಿದು ಮನೆಗೆ ಬಂದೆವು. ಬಂದು ನೋಡಿದರೆ ಮೇಲಿನ ಒಂದೂವರೆ ಎಕರೆ ನಕ್ಷೆಯಲ್ಲಿ ಸೇರಿಯೇ ಇಲ್ಲ. ನೀವಿದ್ದಾಗ ಅದು ಬರೀ ಕಾಡು, ಅತ್ತ ನಾವು ಹೋಗುತ್ತಲೇ ಇರಲಿಲ್ಲ.

“ಎಲ್ಲಾ ಸರಿ ಐತೆ ಕಣಮ್ಮ, ಇಲ್ಲೊಂದು ಸೈನ್ ಹಾಕ್ಬುಡಿ” ಎಂದರು ಸಂಜಯ್. ಕಣದಲ್ಲಿ ಒಣಗಿರುವ ಅಷ್ಟೂ ಕಾಫಿ ನಕ್ಷೆಯ ಈ ಗೆರೆಯ ಒಳಗಿನದೇ ಎಂದು ಅವರ ಕಾಗದದಲ್ಲಿ ಬರೆದಿತ್ತು. ರುಜು ಹಾಕಿದ್ದರೆ ಮುಗಿದುಹೋಗುತ್ತಿತ್ತು. ಆಗ ಫಾರೆಸ್ಟ್ ಗಾರ್ಡ್ ಬಂದ ದಿನ ನೆನಪಾಯಿತು.

2021ರ ಶಿವರಾತ್ರಿಯ ಹೊತ್ತಿಗೆ ಅತ್ತೆಯವರಿಗೆ ಹುಷಾರಿಲ್ಲವೆಂದು ನೀವು ಪಾಳ್ಯದಲ್ಲಿದ್ದಿರಿ. ಆಗಲೇ ನಾನು ಮೇಲಿನ ತುಂಡಿನ ಆ ನಂದಿ, ಹೊನ್ನೆ ಮರಗಳೆಲ್ಲವನ್ನೂ ಕಡಿಸಿದೆ. ನಾನೂ ಒಂದು ತೋಟ ಮಾಡಬಲ್ಲೆ ಎಂದು ನಿಮಗೆ ತೋರಿಸಬೇಕಿತ್ತು. ನೀವು ಬಂದ ದಿನವೇ ಗಾರ್ಡ್ ಬಂದು, ಯಾರು ಕಡಿಸಿದ್ದೆಂದು ಕೇಳಿದ. ಹೆದರಿಕೆಗೆ “ನಮ್ಮ ಯಜಮಾನ್ರು ಕಣಣ್ಣ” ಎಂದುಬಿಟ್ಟೆ. ನೀವು ನನ್ನ ಮುಖ ನೋಡಿದಿರಿ, ಅಲ್ಲ ಅನ್ನಲಿಲ್ಲ. ದಂಡ ಕಟ್ಟಿದಿರಿ, ಮಾರನೆಯ ದಿನ ಬಸ್ಸು ಹತ್ತಿದಿರಿ. ಮರ ಕಡಿಸಿ ಓಡಿಹೋದವರೆಂದು ಊರವರು ನಿಮ್ಮನ್ನು ಆಡಿಕೊಂಡಾಗಲೂ ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ರುಜು ಹಾಕಲಿಲ್ಲ. ಮೇಲೆ ಇನ್ನೊಂದು ತುಂಡಿದೆ, ಅದರ ಹಣ್ಣೂ ಇದೇ ಕಣದಲ್ಲಿ ಬೆರೆತಿದೆ, ಮರ ಕಡಿಸಿ ಕಾಫಿ ಹಾಕಿಸಿದ್ದು ನಾನೇ ಎಂದು ಸಂಜಯ್‌ಗೆ ಹೇಳಿದೆ. “ಬೇರೆ ಒಣಗಿಸಿದ್ರೆ ಉಳಿದಿದ್ನಾದ್ರೂ ತಗೋಬಹುದಿತ್ತಲ್ಲಮ್ಮ” ಎಂದು ಅವರು ಬೇಜಾರು ಮಾಡಿಕೊಂಡರು. ಬೆರೆತ ಮೇಲೆ ಪೂರ್ತಿ ರಾಶಿಯೇ ಹೊರಗಂತೆ. ಪಕ್ಕದ ಮನೆ ದೇವೀರಮ್ಮ ಜಗಲಿಯಲ್ಲೇ ಕೂತಿದ್ದಳು, ಇಷ್ಟು ಹೊತ್ತಿಗೆ ಊರಿಗೆಲ್ಲ ಮುಟ್ಟಿಸಿರುತ್ತಾಳೆ. ಮುಟ್ಟಿಸಲಿ ಎಂದೇ ಸ್ವಲ್ಪ ಜೋರಾಗಿ ಹೇಳಿದೆ. ಕಾಫಿ ಬಾಳ್ಳುಪೇಟೆಯ ವ್ಯಾಪಾರಿಗೆ ಹೋಯಿತು, ಅವನು ಹೇಳಿದ ಬೆಲೆಗೆ.

ಬನ್ನಿ ಎಂದು ಕರೆಯಲು ನನಗೆ ಮುಖವಿಲ್ಲ. ಸಂಜೆ ಆಳುಗಳು ಹೋದ ಮೇಲೆ ಮಾತಾಡಲು ಯಾರೂ ಇಲ್ಲ, ಹಸುವಿಗೆ ಬೈದುಕೊಂಡಿರುತ್ತೇನೆ. ಒಬ್ಬಳೇ ಇದ್ದು ಸಾಕಾಗಿದೆ. ಇದನ್ನು ಬಾಯಿಬಿಟ್ಟು ಹೇಳುತ್ತಿರುವುದು ಇದೇ ಮೊದಲು.

ಇಂತಿ ನಿಮ್ಮ,
ಗಂಗಾಮಣಿ

ತಾ.ಕ.: ಕಂಪನಿಯ ಕಾಗದದಲ್ಲಿ, ಮನೆಯಲ್ಲಿ ವಾಸವಿರುವವರು ಎಷ್ಟು ಮಂದಿ ಎಂದೂ ಕೇಳಿತ್ತು. ಇಬ್ಬರು ಎಂದು ಬರೆದಿದ್ದೆ. ಉಳಿದದ್ದನ್ನೆಲ್ಲ ತಿದ್ದಿಸಿದೆ, ಅದನ್ನು ತಿದ್ದಲು ಮಾತ್ರ ಕೈ ಬರಲಿಲ್ಲ.