ದೊರೆಸಾನಿ ಬಾಲ ಆಡಿಸುತ್ತಲೇ ಇದ್ದಳು

ಜುಲೈ ೧೪, ಭಾನುವಾರ

ನನ್ನ ಪುಟ್ಟಮ್ಮನಿಗೆ,

ಅಪ್ಪನ ಆಶೀರ್ವಾದಗಳು. ನಿನ್ನ ಮನೆಯಿಂದ ವಾಪಸು ಬಂದು ಹದಿನೆಂಟು ದಿನವಾಯಿತು, ತಲುಪಿದೆ ಎಂದು ಒಂದು ಸಾಲೂ ಬರೆಯಲಿಲ್ಲ. ತಪ್ಪಾಯಿತು. ನಿಮ್ಮಮ್ಮ ದಿನಾ ಬೆಳಗ್ಗೆ ಪೆನ್ನು ಕಾಗದ ತಂದು ಮುಂದಿಡುತ್ತಾಳೆ, ನಾನು ಕನ್ನಡಕ ಒರೆಸುತ್ತ ಕೂರುತ್ತೇನೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನಮ್ಮ ದೊರೆಸಾನಿ ಹೋಗಿಬಿಟ್ಟಳು. ಎಂಟು ವರ್ಷ ಸೋಫಾದ ಮೇಲೆ ದರ್ಬಾರು ಮಾಡಿದ ನಾಯಿ, ಈಗ ಆ ಸೋಫಾದಲ್ಲಿ ಕೂರಲು ನಮಗಿಬ್ಬರಿಗೂ ಧೈರ್ಯವಿಲ್ಲ.

ನನ್ನ ಕಸುಬು ನಿನಗೆ ಗೊತ್ತು. ನಾಯಿಯನ್ನು ಶ್ವಾನ ಪ್ರದರ್ಶನದ ರಿಂಗಿನಲ್ಲಿ ಓಡಿಸಲು ಯಾರಾದರೂ ಕಲಿಸುತ್ತಾರೆ. ರಿಂಗೆಂದರೆ ಅದು ಖುಷಿಪಡುವಂತೆ ಮಾಡಲು ಜನ ನನ್ನ ಹತ್ತಿರ ಬರುತ್ತಾರೆ. ಉಪಾಯ ಒಂದೇ. ಅಪರಿಚಿತರ ಕೈ ಮೈಮೇಲೆ ಬಿದ್ದ ಕೂಡಲೇ ಬಾಯಿಗೆ ಒಂದು ತುಂಡು ಬೇಯಿಸಿದ ಲಿವರ್. ದೊರೆಸಾನಿ ಮರಿಯಾಗಿದ್ದಾಗ ಅಭ್ಯಾಸಕ್ಕೆ ತೀರ್ಪುಗಾರ್ತಿ ನೀನೇ ಅಲ್ಲವೇ? ಕಾಲೇಜಿಗೆ ಹೊರಟವಳು ನನ್ನ ಕೋಟು ತೊಟ್ಟು, ಅವಳ ಹಲ್ಲು ನೋಡಿ, ಹೊಟ್ಟೆ ಒತ್ತಿ, "ನಾಯಿ ಪರವಾಗಿಲ್ಲ ಕಣ್ರೀ, ಯಜಮಾನ್ರೇ ಸ್ವಲ್ಪ ದಪ್ಪ" ಅನ್ನುತ್ತಿದ್ದೆ. ಎಲ್ಲಿ ಒತ್ತಿದರೂ ಅವಳು ಅಲುಗಾಡದೆ ನಿಂತು ಬಾಲ ಆಡಿಸುವುದನ್ನು ಕಲಿತಳು.

ನಾನು ಊರಿಗೆ ಮರಳಿದಾಗ ಅವಳು ಸರಿಯಾಗಿ ತಿನ್ನುತ್ತಿರಲಿಲ್ಲ. ಡಾಕ್ಟರ ಹತ್ತಿರ ಎರಡು ಸಲ ಕರೆದುಕೊಂಡು ಹೋದೆ. ಅವರು ಹೊಟ್ಟೆ ಒತ್ತಿ ಒತ್ತಿ ನೋಡಿದರು. ಇವಳು ಕತ್ತೆತ್ತಿ, ಕಾಲು ನೆಟ್ಟಗಿಟ್ಟು, ಬಾಲ ಆಡಿಸಿದಳು. "ನೋವಿದ್ರೆ ಮುಟ್ಟೋಕೇ ಬಿಡ್ತಿರ್ಲಿಲ್ಲ. ಏನೋ ಅಜೀರ್ಣ, ಬಿಡಿ" ಎಂದರು. ಮೇಜಿನ ಮೇಲೆ ಎಷ್ಟು ಚೆನ್ನಾಗಿ ನಿಂತಳು ಎಂದು ನಾನು ಒಳಗೊಳಗೇ ಹಿಗ್ಗಿದೆ.

ಹೋದ ಭಾನುವಾರ ಶೋ ಇತ್ತು. ತೀರ್ಪುಗಾರರು ಅವಳ ಪಕ್ಕೆ ಸವರಿ, "ಈ ನಾಯೀನ ನೋಡಿದ್ರೇ ಮನಸ್ಸು ತುಂಬುತ್ತೆ. ಎಷ್ಟು ಖುಷಿ ಇದಕ್ಕೆ!" ಎಂದರು. ಮೊದಲ ಬಹುಮಾನ. ಅವಳನ್ನು ಎತ್ತಿ ವ್ಯಾನಿನೊಳಗೆ ಇಳಿಸಿದೆ, ಹಾಗೇ ಕುಸಿದಳು. ಬಾಗಿಲು ಹಾಕುವಷ್ಟರಲ್ಲಿ ಉಸಿರಿರಲಿಲ್ಲ. ಬಾಯಿ ಬಿಡಿಸಿದರೆ ರಿಂಗಿನಲ್ಲಿ ಕೊಟ್ಟ ಲಿವರ್ ತುಂಡು ಹಾಗೇ ಇತ್ತು. ನುಂಗಲಾಗದಿದ್ದರೂ ನನ್ನ ಕೈಯಿಂದ ತೆಗೆದುಕೊಂಡಿದ್ದಳು.

ಹಾಗೇ ಡಾಕ್ಟರ ಹತ್ತಿರ ಒಯ್ದೆ. ಹೊಟ್ಟೆಯೊಳಗೆ ಗಡ್ಡೆ ಒಡೆದಿತ್ತಂತೆ. "ಎಷ್ಟು ದಿನದಿಂದ ನೋವು ತಿಂತಿತ್ತೋ. ಒಂದ್ಸಲನಾದ್ರೂ ನರಳಬಾರ್ದಿತ್ತಾ ಇದು?" ಎಂದು ಡಾಕ್ಟರು ತಲೆ ತಗ್ಗಿಸಿದರು. ಮನೆಗೆ ಬಂದು ಅದನ್ನು ಹೇಳಿದೆ. ನಿಮ್ಮಮ್ಮ ಬಟ್ಟೆ ಮಡಚುತ್ತಿದ್ದವಳು ಮುಖವೆತ್ತದೆ, "ನರಳೋದನ್ನ ನೀವು ಯಾವತ್ತು ಕಲಿಸಿದ್ರಿ?" ಎಂದಳು. ಅವತ್ತಿನಿಂದ ನನಗೆ ನಿದ್ದೆ ಹತ್ತುತ್ತಿಲ್ಲ.

ಹತ್ತು ವರ್ಷದವಳಿದ್ದಾಗ ನೀನು ಮಕ್ಕಳ ಸ್ಪರ್ಧೆಯಲ್ಲಿ ನಾಯಿ ಹಿಡಿದು ಓಡುತ್ತ ಮುಗ್ಗರಿಸಿ ಬಿದ್ದದ್ದು ನೆನಪಿದೆಯೇ? ಹಗ್ಗದಾಚೆಯಿಂದ ನಾನು "ನಗು, ನಗ್ತಾ ಇರು!" ಎಂದು ಕೂಗಿದೆ. ಎರಡೂ ಮೊಣಕಾಲಿನಲ್ಲಿ ರಕ್ತ ಇಳಿಯುತ್ತಿತ್ತು, ನೀನು ನಗುತ್ತಲೇ ಸುತ್ತು ಮುಗಿಸಿದೆ. ನನ್ನ ಮಗಳು ಗಟ್ಟಿಗಿತ್ತಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಅವತ್ತು ನೀನು ಗೆದ್ದ ಕಪ್ಪನ್ನು ನಿನ್ನೆ ಗಾಜಿನ ಕಪಾಟಿನಿಂದ ತೆಗೆದು ಅಟ್ಟಕ್ಕೆ ಹಾಕಿದೆ.

ಹೊಸದಾಗಿ ಬಂದಿದ್ದ ಎರಡು ನಾಯಿಗಳನ್ನು ವಾಪಸು ಕಳಿಸಿದ್ದೇನೆ. ಹೊಟ್ಟೆ ತುಂಬ ಊಟ ಮಾಡಮ್ಮ. ನಿನ್ನ ಮೈಮನಸ್ಸು ತಣ್ಣಗಿರಲಿ.

ನಿನ್ನ
ಅಪ್ಪ

ತಾ.ಕ.: ಈ ಪತ್ರವನ್ನು ಮನೆಗಲ್ಲ, ಬೇಕೆಂದೇ ನಿನ್ನ ಆಫೀಸಿಗೆ ಕಳಿಸುತ್ತಿದ್ದೇನೆ. ಅವತ್ತು ನಿನ್ನ ಮನೆಯಿಂದ ಹೊರಡುವಾಗ ನಿನ್ನ ಹೆಗಲ ಮೇಲೆ ಕೈಯಿಟ್ಟೆ. ನೀನು ಬೆಚ್ಚಿಬಿದ್ದೆ, ಮರುಕ್ಷಣವೇ ನೆಟ್ಟಗೆ ನಿಂತು ನಕ್ಕೆ. ತೋಳಿನ ಮೇಲಿನ ಗುರುತು ಬಾಗಿಲು ತಗುಲಿದ್ದು ಎಂದೆ. ಪಕ್ಕದಲ್ಲೇ ಅಳಿಯಂದಿರು ನಿಂತಿದ್ದರು. ನಾಲ್ಕು ಗುರುತು, ಸಾಲಾಗಿ. ಬಾಗಿಲಿಗೆ ಬೆರಳಿರುತ್ತದೆಯೇ ಎಂದು ಅಲ್ಲೇ ಕೇಳಬೇಕಿತ್ತು. ಕೇಳದೆ ಬಂದು ನಿಮ್ಮಮ್ಮನಿಗೆ, ಮಗಳು ಖುಷಿಯಾಗಿದ್ದಾಳೆ ಎಂದೆ. ಶುಕ್ರವಾರ ಮಧ್ಯಾಹ್ನ ನಿನ್ನ ಆಫೀಸಿನ ಗೇಟಿನ ಹತ್ತಿರ ವ್ಯಾನು ನಿಲ್ಲಿಸಿಕೊಂಡು ಕಾಯುತ್ತೇನೆ. ನನ್ನನ್ನು ಕಂಡು ನಗಬೇಡ.